ಅಚ್ಚಿಗೆ ಕೂರದ ಹೆಸರು

ಹೋದ ವಾರ ಪ್ರಾಕ್ಟಿಕಲ್ ಪರೀಕ್ಷೆಗೆ ಹೊರಗಿನ ಪರೀಕ್ಷಕಿಯಾಗಿ ಕೆ.ಆರ್. ಪೇಟೆಗೆ ಹೋಗಿದ್ದೆ. ಈಗ ನಾನು ಪಾಠ ಮಾಡುವುದು ನಾಗಮಂಗಲದಲ್ಲಿ. ಆ ಕಾಲೇಜು ಬಿಟ್ಟು ಕೆಲವು ವರ್ಷಗಳೇ ಆದವು. ಲ್ಯಾಬಿನ ಕಿಟಕಿಯ ಆಚೆ ಸೋನೆ ಹಿಡಿದಿತ್ತು. ಪ್ರಶ್ನೆಗಳ ಚೀಟಿ ತೆಗೆಯಲೆಂದು ಮೂಲೆಯಲ್ಲಿದ್ದ ಪ್ರಿಂಟರ್ ಆನ್ ಮಾಡಿದರು. ಅದು ಗೊರಗೊರ ಎಂದು ಎದ್ದು, ಕೊಂಚ ಯೋಚನೆ ಮಾಡಿ, ಮೊದಲ ಹಾಳೆ ಹೊರಗೆ ಬಿಟ್ಟಿತು. ಬಿಸಿ ಕಾಗದದ ವಾಸನೆ, ಜೊತೆಗೆ ಒದ್ದೆ ಗೋಡೆಯ ವಾಸನೆ. ಇವೆರಡೂ ಒಟ್ಟಿಗೆ ಬಂದರೆ ನನಗೆ ಎಲ್ಲಿಂದಲೋ ನೆನೆದ ಎಳ್ಳಿನ ವಾಸನೆಯೂ ಬರುತ್ತದೆ. ಪಕ್ಕದಲ್ಲಿದ್ದ ಮೇಷ್ಟ್ರು, ಏನು ಮೇಡಂ ಹಾಳೆ ಮೂಸಿ ನೋಡ್ತಿದ್ದೀರಲ್ಲ ಎಂದು ನಕ್ಕರು. ನಾನೂ ನಕ್ಕೆ. ಅವರಿಗೆ ವಿವರಿಸಿ ಹೇಳುವಷ್ಟು ಹೊತ್ತು ಇರಲಿಲ್ಲ, ಹುಡುಗರು ಬಾಗಿಲಲ್ಲಿ ಕಾಯುತ್ತಿದ್ದರು.

ಆ ಮಳೆಗಾಲದಲ್ಲಿ ನಾನು ಅಲ್ಲಿ ಅತಿಥಿ ಉಪನ್ಯಾಸಕಿ. ಅತಿಥಿ ಎನ್ನುವುದು ಹೆಸರಿಗೆ ಮಾತ್ರ, ಕಾಫಿ ಕೂಡ ನಾವೇ ತರಿಸಿಕೊಳ್ಳಬೇಕಿತ್ತು. ಮನೆ ಶ್ರೀರಂಗಪಟ್ಟಣದ ಕೋಟೆಯೊಳಗೆ. ಬೆಳಿಗ್ಗೆ ಪಾಂಡವಪುರದ ಮೇಲೆ ಹೋಗುವ ಬಸ್ಸು ಹತ್ತಿ ಕಿಟಕಿ ಪಕ್ಕ ಕೂತರೆ ನಿದ್ದೆಯೂ ಅಲ್ಲದ ಎಚ್ಚರವೂ ಅಲ್ಲದ ಒಂದು ಹೊತ್ತು ಶುರುವಾಗುತ್ತಿತ್ತು. ಗಾಜಿನ ಮೇಲೆ ನೀರು ಜಾರುತ್ತಿತ್ತು. ಆಚೆಗೆ ನಾಟಿಯ ಗದ್ದೆಗಳು, ಬಾಗಿದ ಬೆನ್ನುಗಳು, ದಂಡೆ ಮುಟ್ಟಿ ಹರಿಯುವ ನಾಲೆ, ಆಮೇಲೆ ಕಬ್ಬು, ಮತ್ತೆ ಕಬ್ಬು. ಮಳೆ ಎಂದರೆ ಸುರಿಯುವ ಮಳೆಯಲ್ಲ. ನಮ್ಮ ಕಡೆಯ ಮಳೆಗಾಲ ಯಾರನ್ನೂ ತೋಯಿಸದೆ ಎಲ್ಲವನ್ನೂ ಒದ್ದೆಯಾಗಿಡುವ ಬಗೆಯದು. ಕಂಡಕ್ಟರು ಕೊಟ್ಟ ಟಿಕೆಟ್ಟು ಕೂಡ ಕೈಗೆ ಬರುವ ಹೊತ್ತಿಗೆ ಮೆತ್ತಗಾಗಿರುತ್ತಿತ್ತು.

ಆ ಬೇಸಿಗೆಯ ಕೊನೆಯಲ್ಲಿ ಅಪ್ಪನಿಗೆ ಪಾರ್ಶ್ವವಾಯು ಬಡಿದಿತ್ತು. ಕೈಕಾಲು ಬೇಗ ಸರಿಹೋದವು. ಸರಿಹೋಗದೆ ಉಳಿದದ್ದು ಮಾತು, ಅದರಲ್ಲೂ ಹೆಸರುಗಳು. ಕಾಫಿಗೆ ‘ಅದು’ ಎನ್ನುತ್ತಿದ್ದರು, ಪಂಚೆಗೆ ‘ಅದು’, ಎದುರುಮನೆಯವರಿಗೂ ‘ಅದು’. ನನ್ನನ್ನು ಮೊದಲಿನಿಂದಲೂ ಮಗು ಎಂದೇ ಕರೆಯುತ್ತಿದ್ದರಿಂದ ನಾನು ಬಚಾವಾದೆ. ವಾರವೇ, ತಿಥಿಯೇ, ಊರೇ, ಯಾವುದನ್ನು ಕೇಳಿದರೂ ಬಾಯಿ ತೆರೆದು ಹಾಗೇ ನಿಲ್ಲುತ್ತಿದ್ದರು, ಕಣ್ಣಲ್ಲಿ ಮಾತ್ರ ಎಲ್ಲವೂ ಗೊತ್ತಿರುತ್ತಿತ್ತು. ಆದರೆ ಬೆಳಿಗ್ಗೆ ಸ್ನಾನ ಮಾಡಿ ಮಣೆಯ ಮೇಲೆ ಕೂತು ಮಂತ್ರ ಹಿಡಿದರೆ ಒಂದು ಅಕ್ಷರ ತಪ್ಪುತ್ತಿರಲಿಲ್ಲ. ಕಂಠಪಾಠದ್ದು ತಲೆಯಲ್ಲಿ ಬೇರೆ ಜಾಗದಲ್ಲಿರುತ್ತದೆ, ಅದಕ್ಕೆ ಏಟು ಬಿದ್ದಿಲ್ಲ ಎಂದರು ಡಾಕ್ಟರು. ಜೀವಮಾನವೆಲ್ಲ ಹೊಳೆ ದಂಡೆಯಲ್ಲಿ ಕೂತು ಬಂದವರಿಗೆ ಪಿತೃಕಾರ್ಯ ಮಾಡಿಸಿದ ಪುರೋಹಿತರು ನಮ್ಮಪ್ಪ. ಬದಲಾಗದೆ ಇರುವುದೆಲ್ಲ ಅವರ ಬಳಿ ಉಳಿದಿತ್ತು, ದಿನದಿನಕ್ಕೂ ಮನೆಮನೆಗೂ ಬದಲಾಗುವುದೆಲ್ಲ ಹೊರಟುಹೋಗಿತ್ತು.

ಅದಕ್ಕೆ ಒಂದು ವರ್ಷ ಮೊದಲು ಅಮ್ಮ ತೀರಿಕೊಂಡಿದ್ದಳು. ಅವಳ ಹೆಸರು ಸೀತಾಲಕ್ಷ್ಮಿ, ಬೀದಿಯವರಿಗೆ ಸೀತಮ್ಮ. ಅಪ್ಪನಿಗೆ ಮಾತ್ರ ಅವಳು ‘ಇವಳೇ’. ನಮ್ಮ ಮನೆಗಳಲ್ಲಿ ಆ ತಲೆಮಾರಿನ ಗಂಡಸರು ಹೆಂಡತಿಯ ಹೆಸರು ಹಿಡಿದು ಕರೆಯುವುದಿಲ್ಲ, ಹೆಂಡತಿಯರಂತೂ ಗಂಡನ ಹೆಸರು ಎತ್ತುವುದೇ ಇಲ್ಲ. ನಡುಮನೆಯಿಂದ ಅಪ್ಪ ‘ಇವಳೇ’ ಎಂದರೆ ಅಡುಗೆಮನೆಯಿಂದ ಅಮ್ಮ ‘ಬಂದೆ’ ಎನ್ನಬೇಕು. ಬರುತ್ತಿದ್ದದ್ದು ಒಗ್ಗರಣೆ ಮುಗಿದ ಮೇಲೆಯೇ, ಆದರೆ ‘ಬಂದೆ’ ಎನ್ನುವುದು ತಕ್ಷಣ. ಚಿಕ್ಕಂದಿನಲ್ಲಿ ನಾನು ಅದನ್ನು ಅಣಕಿಸಿ ಬೈಸಿಕೊಂಡಿದ್ದೂ ಉಂಟು. ಅಮ್ಮ ಹೋದ ಮೇಲಿನ ಕಾರ್ಯಗಳಲ್ಲಿ, ಮಾಡಿಸಲು ಬಂದವರು ಹೇಳಿಕೊಟ್ಟಂತೆ, ಅಪ್ಪ ಅವಳ ಹೆಸರು ಹೇಳಿದ್ದರು. ಪರಿಚಯವಿಲ್ಲದ ಯಾರದೋ ಹೆಸರನ್ನು ಹೇಳುವ ಹಾಗಿತ್ತು.

ವರ್ಷದ ಕಾರ್ಯ ಮುಗಿಸಿದ ತಿಂಗಳಿಗೇ ಅಪ್ಪನಿಗೆ ಹೀಗಾಯಿತು. ಹೊಳೆ ದಂಡೆಯ ಕೆಲಸವನ್ನು ನನ್ನ ಚಿಕ್ಕಪ್ಪನ ಮಗ ಮುರಳಿ ನೋಡಿಕೊಳ್ಳತೊಡಗಿದ. ಒಳ್ಳೆಯವನು, ಗಡಿಬಿಡಿಯವನು, ಮಂತ್ರಕ್ಕಿಂತ ಮೊದಲು ಮೊಬೈಲು ತೆಗೆಯುವವನು. ಪಿತೃಪಕ್ಷದ ಹೊತ್ತಿಗೆ ಏನು ಮಾಡುವುದು ಎಂಬ ಮಾತು ಆಷಾಢದಲ್ಲೇ ಬಂತು. ಆ ಹದಿನೈದು ದಿನ ಸುತ್ತಲ ತಾಲ್ಲೂಕಿನವರೆಲ್ಲ ಹಿರಿಯರಿಗೆ ಎಳ್ಳುನೀರು ಬಿಡಲು ನಮ್ಮ ಹೊಳೆಗೆ ಬರುತ್ತಾರೆ. ದೊಡ್ಡಪ್ಪ ಈ ಸಲ ಮನೆಯಲ್ಲೇ ಇರಲಿ, ಎಲ್ಲ ನಾನೇ ಮಾಡಿಸುತ್ತೇನೆ ಎಂದ ಮುರಳಿ. ಅಪ್ಪ ತಲೆಯಾಡಿಸಿದರು. ಆಮೇಲೆ ಎರಡೂ ಕೈ ಎತ್ತಿ, ಒಂದು ಹೆಬ್ಬೆರಳು ಮಡಚಿ, ಒಂಬತ್ತು ಬೆರಳು ತೋರಿಸಿದರು. ಆಮೇಲೆ ಅಂಗೈಯನ್ನು ತಮ್ಮ ಎದೆಗೆ ತಟ್ಟಿಕೊಂಡರು.

ನಮಗಿಬ್ಬರಿಗೂ ಅರ್ಥವಾಯಿತು. ಪಿತೃಪಕ್ಷದ ಒಂಬತ್ತನೆಯ ದಿನ ಅವಿಧವಾ ನವಮಿ. ಗಂಡನಿಗಿಂತ ಮೊದಲು ಹೋದ ಹೆಂಗಸರಿಗೆಂದೇ ಇರುವ ದಿನ ಅದು. ವರ್ಷದ ಕಾರ್ಯ ಮುಗಿಯುವ ತನಕ ಪಕ್ಷ ಮಾಡುವಂತಿಲ್ಲ, ಹಾಗಾಗಿ ಅಮ್ಮನ ಪಾಲಿಗೆ ಅದೇ ಮೊದಲ ನವಮಿ. ಗಂಡುಮಕ್ಕಳಿಲ್ಲದ ಮನೆ, ಹಾಗಾಗಿ ಮಾಡಬೇಕಾದವರು ಅಪ್ಪ. ಯಾರೋ ಹೇಳಿಕೊಟ್ಟದ್ದನ್ನು ತೊದಲುವುದಲ್ಲ, ಊರವರಿಗೆಲ್ಲ ಮಾಡಿಸಿದ ಹಾಗೆ ತನ್ನವಳಿಗೂ ತಾನೇ ಬಾಯಿಬಿಟ್ಟು ಪೂರ್ತಿ ಹೇಳಬೇಕು. ಅವರಿಗೆ ಬೇಕಿದ್ದದ್ದು ಅಷ್ಟೇ, ಆದರೆ ಅಷ್ಟಕ್ಕೂ ಹೆಸರು ಬೇಕು. ಇಂಥ ತಿಥಿ, ಇಂಥ ನಕ್ಷತ್ರ, ಇಂಥ ನದಿಯ ತೀರ, ಇಂಥ ಗೋತ್ರದ ಇಂಥವಳಿಗೆ ಎಂದು ಸಂಕಲ್ಪ ಮಾಡದೆ ಕೈಗೆ ನೀರು ಬರುವುದಿಲ್ಲ.

ಆ ದಿನಗಳಲ್ಲಿ ನಾನು ಲ್ಯಾಬಿನಲ್ಲಿ ಮೇಕ್ ಎಂಬ ಹಳೆಯ ಕಾಲದ ಪ್ರೋಗ್ರಾಮು ಹೇಳಿಕೊಡುತ್ತಿದ್ದೆ. ಯಾವ ಫೈಲು ಯಾವುದರಿಂದ ಹುಟ್ಟಬೇಕು ಎಂದು ಒಂದು ಕಡೆ ಬರೆದಿಟ್ಟರೆ ಉಳಿದದ್ದನ್ನು ಅದು ನೋಡಿಕೊಳ್ಳುತ್ತದೆ. ಮೂಲದಲ್ಲಿ ಏನಾದರೂ ಬದಲಾಗಿದ್ದರೆ ಅದರಿಂದ ಹುಟ್ಟಿದ್ದನ್ನು ಮತ್ತೆ ಮಾಡುತ್ತದೆ, ಬದಲಾಗದಿದ್ದರೆ ಮುಟ್ಟುವುದಿಲ್ಲ. ಒಂದೊಂದು ಫೈಲಿಗೂ ಒಂದೊಂದು ನಿಯಮ ಬರೆಯಬೇಕಿಲ್ಲ. ಶೇಕಡಾ ಚಿಹ್ನೆ ಇಟ್ಟು ಒಂದೇ ಮಾದರಿ ನಿಯಮ ಬರೆದರೆ ಆ ಚಿಹ್ನೆಯ ಜಾಗದಲ್ಲಿ ಯಾರ ಹೆಸರು ಬೇಕಾದರೂ ಬಂದು ಕೂರುತ್ತದೆ. ನಿಯಮದ ಕೆಳಗಿನ ಸಾಲು ಟ್ಯಾಬ್ ಕೀಲಿಯಿಂದಲೇ ಶುರುವಾಗಬೇಕು. ಕಣ್ಣಿಗೆ ಅಷ್ಟೇ ಅಗಲ ಕಾಣುವ ಖಾಲಿ ಜಾಗ ಬಿಟ್ಟರೆ ಒಪ್ಪುವುದಿಲ್ಲ, ಮಡಿಯ ವಿಷಯದಲ್ಲಿ ನಮ್ಮಜ್ಜಿ ಹೇಗೋ ಹಾಗೆ. ನಾಗಮಂಗಲ ಕಡೆಯ ಒಬ್ಬಳು ಹುಡುಗಿ ಇದನ್ನು ಕಲಿತು ಏನು ಮಾಡೋದು ಮಿಸ್ ಎಂದು ಕೇಳಿದಳು. ನನಗೂ ಆ ಹೊತ್ತಿಗೆ ಸರಿಯಾದ ಉತ್ತರ ಹೊಳೆಯಲಿಲ್ಲ. ಪರೀಕ್ಷೆಗೆ ಬರುತ್ತದೆ ಎಂದು ಹೇಳಿ ಬಾಯಿ ಮುಚ್ಚಿಸಿದೆ.

ಉತ್ತರ ಹೊಳೆದದ್ದು ಸಂಜೆಯ ಬಸ್ಸಿನಲ್ಲಿ. ಪಾಂಡವಪುರದ ಹತ್ತಿರ ಬಸ್ಸು ಕೆಟ್ಟು ನಿಂತಿತು. ರಸ್ತೆ ಪಕ್ಕದಲ್ಲೇ ಒಂದು ಆಲೆಮನೆ. ಮಳೆಯ ಜೊತೆ ಹೊಗೆ ಕೆಳಕ್ಕೇ ಹರಡಿಕೊಂಡು ಇಡೀ ರಸ್ತೆ ಬೆಲ್ಲದ ವಾಸನೆಯಾಗಿತ್ತು. ಮಳೆಗೆ ಓರೆಯಾಗಿ ಕಟ್ಟಿದ ಟಾರ್ಪಾಲಿನ ಕೆಳಗೆ ಒಬ್ಬಾತ ಮರದ ಅಚ್ಚಿನ ಹಲಗೆಗೆ ಪಾಕ ಸುರಿಯುತ್ತಿದ್ದ. ಇನ್ನೊಬ್ಬ ಆರಿದ ಹಲಗೆಯನ್ನು ಮಗುಚಿ ತಟ್ಟಿದರೆ ಬೆಲ್ಲದ ಅಚ್ಚುಗಳು ಗೋಣಿಯ ಮೇಲೆ ಉದುರುತ್ತಿದ್ದವು. ಹಲಗೆ ಅದೇ, ಸುರಿಯುವುದು ಮಾತ್ರ ಹೊಸದು. ನಾನು ನೋಡುತ್ತಾ ನಿಂತೆ. ಅಪ್ಪನ ಮಂತ್ರ ಅಲ್ಲೇ ಇದೆಯಲ್ಲ, ಹಲಗೆ ಒಡೆದಿಲ್ಲವಲ್ಲ, ಸುರಿಯಬೇಕಾದದ್ದನ್ನು ನಾನು ತಂದುಕೊಟ್ಟರೆ ಆಯಿತಲ್ಲ ಎನಿಸಿತು. ಕಣ್ಣು ತುಂಬಿ ಬಂತು, ಹೊಗೆ ಇದ್ದದ್ದರಿಂದ ಯಾರಿಗೂ ಗೊತ್ತಾಗಲಿಲ್ಲ.

ಮನೆಗೆ ಬಂದವಳೇ ಕೂತು ಸಂಕಲ್ಪದ ಪಾಠವನ್ನು ಟೈಪು ಮಾಡಿದೆ. ಬದಲಾಗುವ ಜಾಗಗಳಲ್ಲೆಲ್ಲ ಗುರುತು ಹಾಕಿ ಆ ಫೈಲಿಗೆ ‘ಅಚ್ಚು’ ಎಂದು ಹೆಸರಿಟ್ಟೆ. ಬರುವ ಒಂದೊಂದು ಮನೆಗೂ ಒಂದು ಪುಟ್ಟ ಫೈಲು, ಅದರ ಹೆಸರಿನ ಕೊನೆಗೆ ‘ವಿವರ’. ಅದರಲ್ಲಿ ತಿಥಿ, ವಾರ, ನಕ್ಷತ್ರ, ಗೋತ್ರ, ಹೋದವರ ಹೆಸರು. ಇವೆರಡೂ ಸೇರಿ ಅಪ್ಪ ಓದಬೇಕಾದ ಹಾಳೆ. ಎಲ್ಲಕ್ಕೂ ಸೇರಿ ನಾನು ಬರೆದ ನಿಯಮ ಒಂದೇ ಸಾಲಿನದು:

%.ಹಾಳೆ: %.ವಿವರ ಅಚ್ಚು

ಯಾರ ಹಾಳೆಯಾದರೂ ಸರಿ, ಅದು ಅವರ ವಿವರದಿಂದಲೂ ಅಚ್ಚಿನಿಂದಲೂ ಆಗಬೇಕು ಎಂದು ಅದರ ಅರ್ಥ. ಅದರ ಕೆಳಗೆ, ಟ್ಯಾಬ್ ಒತ್ತಿ, ಗುರುತಿನ ಜಾಗಗಳಿಗೆ ವಿವರ ತುಂಬುವ ಒಂದು ಪುಟ್ಟ ಆಜ್ಞೆ. ಕನ್ನಡದ ಹೆಸರುಗಳನ್ನು ಅದು ಒಪ್ಪುತ್ತದೋ ಇಲ್ಲವೋ ಎಂಬ ಭಯವಿತ್ತು. ಒಪ್ಪಿತು. ಕೀಲಿ ಒತ್ತಿದ ಕೂಡಲೇ ಮನೆಯ ಪ್ರಿಂಟರಿನಿಂದ ಮೊದಲ ಹಾಳೆ ಹುಟ್ಟಿತು, ದೊಡ್ಡ ಅಕ್ಷರದಲ್ಲಿ, ಅಪ್ಪನ ಕನ್ನಡಕಕ್ಕೆ ತಕ್ಕಂತೆ.

ಅಪ್ಪ ಅದನ್ನು ಮುಟ್ಟಲಿಲ್ಲ. ಪುಸ್ತಕ ಇಟ್ಟುಕೊಂಡು ಮಾಡಿಸುವ ಪುರೋಹಿತರನ್ನು ಅವರು ಮೊದಲಿನಿಂದ ಹಾಸ್ಯ ಮಾಡುತ್ತಿದ್ದವರು. ಗಾಳಿಗೆ ಹಾಳೆ ಹಾರಿದರೆ ಇವನ ವಿದ್ಯೆಯೂ ಹಾರುತ್ತದೆ ಎನ್ನುತ್ತಿದ್ದರು. ಈಗ ತಮ್ಮ ಕೈಗೇ ಹಾಳೆ ಬಂದಿತ್ತು. ಎರಡು ದಿನ ಅದು ದೇವರಮನೆಯ ಹೊಸ್ತಿಲಲ್ಲೇ ಬಿದ್ದಿತ್ತು, ನಾನೂ ಹಠಕ್ಕೆ ಅದನ್ನು ತೆಗೆಯಲಿಲ್ಲ. ಮೂರನೆಯ ದಿನ ಕಾಲೇಜಿನಿಂದ ಬಂದಾಗ ಒಳಗಿನಿಂದ ಅಪ್ಪನ ಧ್ವನಿ ಕೇಳಿಸಿತು. ಮಂತ್ರ ಎಂದಿನಂತೆ ಹರಿಯುತ್ತಿತ್ತು. ತಿಥಿಯ ಜಾಗಕ್ಕೆ ಬಂದು ನಿಂತು, ಅಕ್ಷರ ಕೂಡಿಸಿ ಓದಿ, ಮತ್ತೆ ಹರಿಯಿತು. ಬರೆದದ್ದನ್ನು ಓದುವ ಶಕ್ತಿ ಹೋಗಿರಲಿಲ್ಲ. ನಾನು ಚಪ್ಪಲಿ ಬಿಡದೆ ಜಗುಲಿಯಲ್ಲೇ ನಿಂತು ಕೊನೆಯವರೆಗೂ ಕೇಳಿದೆ.

ಶ್ರಾವಣದಲ್ಲಿ ಹೇಮಗಿರಿಯಿಂದ ನಂಜೇಗೌಡರ ಫೋನು ಬಂತು. ತಾತನ ಕಾಲದಿಂದ ನಮ್ಮ ಮನೆಗೆ ನಡೆದುಕೊಂಡು ಬಂದವರು. ಅವರ ತಂದೆಯ ವರ್ಷದ ತಿಥಿ, ಅಲ್ಲೇ ಹೊಳೆಯಲ್ಲಿ ಆಗಬೇಕು, ಸ್ವಾಮೇರೇ ಬರಬೇಕು. ಮುರಳಿಗೆ ಬೇರೆ ಕಡೆ ಒಪ್ಪಿಕೊಂಡದ್ದಿತ್ತು. ಅಪ್ಪ ಪಂಚೆ ಉಟ್ಟು ಹೊರಟೇಬಿಟ್ಟರು. ನಾನು ಹಾಳೆಯನ್ನು ಪ್ಲಾಸ್ಟಿಕ್ ಕವರಿನೊಳಗೆ ಹಾಕಿಕೊಂಡು ಹಿಂದೆ ಹೊರಟೆ. ನವಮಿಗೆ ಇದೊಂದು ಪರೀಕ್ಷೆ ಎಂದು ಇಬ್ಬರಿಗೂ ಗೊತ್ತಿತ್ತು. ಬಸ್ಸಿನಲ್ಲಿ ಅಪ್ಪನ ತುಟಿ ದಾರಿಯುದ್ದಕ್ಕೂ ಆಡುತ್ತಿತ್ತು.

ಹೇಮಗಿರಿಯ ಆ ಬೆಳಗು ನನಗೆ ಈಗಲೂ ಕನಸಿನಲ್ಲಿ ಬರುತ್ತದೆ. ಅಣೆಕಟ್ಟೆಯ ಮೇಲಿಂದ ನೀರು ಬಿಳಿಯಾಗಿ ಜಾರುತ್ತಿತ್ತು. ಸದ್ದು ಎಷ್ಟು ಒಂದೇ ಸಮನಾಗಿತ್ತೆಂದರೆ ಸ್ವಲ್ಪ ಹೊತ್ತಿಗೆ ಸದ್ದೇ ಇಲ್ಲವೆನಿಸುತ್ತಿತ್ತು. ಬೆಟ್ಟದ ಅರ್ಧ ಮಂಜಿನೊಳಗಿತ್ತು. ನಂಜೇಗೌಡರು ಒದ್ದೆ ಪಂಚೆಯಲ್ಲಿ ದಕ್ಷಿಣಕ್ಕೆ ಮುಖ ಮಾಡಿ ಕೂತಿದ್ದರು. ಅಪ್ಪ ಶುರುಮಾಡಿದರು. ತಿಥಿ ಓದಿದರು, ವಾರ ಓದಿದರು. ನದಿಯ ಜಾಗಕ್ಕೆ ಬಂದು, ಹಾಳೆಯಲ್ಲಿ ಇದ್ದಂತೆಯೇ, ಕಾವೇರಿಯ ತೀರದಲ್ಲಿ ಎಂದರು. ಅದನ್ನು ನಾನು ಅಚ್ಚಿನಲ್ಲೇ ಕೂರಿಸಿಬಿಟ್ಟಿದ್ದೆ. ಶ್ರೀರಂಗಪಟ್ಟಣದಲ್ಲಿ ಹುಟ್ಟಿದವಳಿಗೆ ನದಿ ಎನ್ನುವುದು ಬದಲಾಗುವ ವಸ್ತು ಎಂದು ಹೊಳೆದೇ ಇರಲಿಲ್ಲ.

ನಂಜೇಗೌಡರು ಕೈಯಲ್ಲಿದ್ದ ನೀರನ್ನು ಹಾಗೇ ಹಿಡಿದುಕೊಂಡು ತಲೆಯೆತ್ತಿದರು. "ಸ್ವಾಮೇರಾ, ಕಾವೇರಿ ಅಂದ್ಬುಟ್ರಲ್ಲಾ. ಇದು ಏಮಾವತಿ ಅಲ್ವರಾ?"

ಅಪ್ಪ ಹಾಳೆ ನೋಡಿದರು, ಹೊಳೆ ನೋಡಿದರು, ಮತ್ತೆ ಹಾಳೆ ನೋಡಿದರು. ಆಮೇಲೆ ನಕ್ಕರು. ಕಾಯಿಲೆ ಬಿದ್ದ ಮೇಲೆ ಅವರು ನಕ್ಕದ್ದು ಅದೇ ಮೊದಲು. ಕೈಯನ್ನು ನೀರು ಹೋಗುವ ದಿಕ್ಕಿಗೆ ಚಾಚಿ, ಹೋಗತ್ತೆ, ಅಲ್ಲಿಗೆ ಹೋಗತ್ತೆ ಎಂದರು. ಸುಳ್ಳೇನಲ್ಲ. ಆ ನೀರು ಮುಂದೆ ಕಾವೇರಿಗೆ ಕಟ್ಟಿದ ದೊಡ್ಡ ಕಟ್ಟೆಯ ಹಿನ್ನೀರಿಗೆ ಬಿದ್ದು, ಅದರೊಳಗೆ ಸೇರಿ, ಬೆಳಗೊಳದ ಪಕ್ಕ ಹಾಯ್ದು, ನಮ್ಮನೆ ಹಿಂದಿನ ಮೆಟ್ಟಿಲಿಗೇ ಬರುತ್ತದೆ.

"ಓಗೋದೇನೋ ಓಗ್ತದೆ ಸ್ವಾಮಿ," ಎಂದರು ನಂಜೇಗೌಡರು. "ಆದ್ರೆ ನಮ್ಮಪ್ಪ ಈಜು ಕಲ್ತಿದ್ದು ಇಲ್ಲಿ. ಎತ್ತಿನ ಮೈ ತೊಳೀತಿದ್ದುದು ಇಲ್ಲಿ. ಕಾವೇರಿ ಅಂದ್ರೆ ಅವ್ನು ಅತ್ಲಾಗೇ ಓಗ್ಬುಡ್ತಾನೆ. ನಮ್ಮ ಒಳೆ ಎಸ್ರೇ ಏಳ್ಬುಡಿ."

ಅವರು ಅದನ್ನು ಸಿಟ್ಟಿನಿಂದ ಹೇಳಲಿಲ್ಲ, ದಾರಿ ತಪ್ಪಿದವರಿಗೆ ಮನೆ ತೋರಿಸುವ ಹಾಗೆ ಹೇಳಿದರು. ನಾನು ಮೆಲ್ಲಗೆ ಹೇಮಾವತಿ ಎಂದೆ. ಅಪ್ಪ ಬಾಯಲ್ಲಿ ಅದನ್ನು ಎರಡು ಸಲ ಕೂಡಿಸಿಕೊಂಡು, ಮೊದಲಿನಿಂದ ಸಂಕಲ್ಪ ಹಿಡಿದು, ಅವರ ಹೊಳೆಯ ಹೆಸರನ್ನೇ ಹೇಳಿದರು. ನಂಜೇಗೌಡರ ಬೆರಳ ಸಂದಿಯಿಂದ ಎಳ್ಳುನೀರು ಜಾರಿತು. ಕರಿ ಎಳ್ಳಿನ ಕಾಳುಗಳು ಒಂದು ಗಳಿಗೆ ತೇಲಿ, ತಿರುಗಿ, ಆಮೇಲೆ ಅಣೆಕಟ್ಟೆಯ ಕೆಳಗಿನ ನೀರಿನ ಜೊತೆ ಹೊರಟವು.

ಆ ಭಾನುವಾರ ನದಿಯನ್ನು ಅಚ್ಚಿನಿಂದ ತೆಗೆದು ವಿವರಕ್ಕೆ ಹಾಕಿದೆ. ಅಚ್ಚು ಬದಲಾದ್ದರಿಂದ ಅದುವರೆಗೆ ಮಾಡಿದ್ದ ಹಾಳೆಗಳೆಲ್ಲ ಒಂದೇ ಏಟಿಗೆ ಹಳೆಯವಾದವು. ಮೇಕ್ ಒಂದೊಂದನ್ನೂ ಹೆಸರು ಹಿಡಿದು ಮತ್ತೆ ಮಾಡುತ್ತಾ ಹೋಯಿತು. ಪಾಂಡವಪುರದವರು, ಬೆಳಗೊಳದವರು, ನಾಗಮಂಗಲದವರು, ಎಲ್ಲರ ಮನೆಯ ಹೋದವರೂ ಪರದೆಯ ಮೇಲೆ ಸಾಲಾಗಿ ಮೇಲಕ್ಕೆ ಸರಿದರು. ಪ್ರಿಂಟರ್ ಗೊರಗೊರ ಎನ್ನುತ್ತಿತ್ತು. ಹೊರಗೆ ಸೋನೆ, ಹಂಚಿನಿಂದ ಬೀಳುವ ಹನಿ. ಅಪ್ಪ ಬಿಸಿಬಿಸಿ ಹಾಳೆಗಳನ್ನು ಎತ್ತಿಕೊಂಡು, ಹಪ್ಪಳ ಹರಡುವ ಹಾಗೆ, ನಡುಮನೆಯ ಚಾಪೆಯ ಮೇಲೆ ಹರಡುತ್ತಿದ್ದರು. ಎರಡನೆಯ ಸಲಕ್ಕೆ ಎಲ್ಲ ಸರಿಯಾಗಿದೆಯೇ ನೋಡಲು ಮತ್ತೆ ಕೀಲಿ ಒತ್ತಿದೆ. ಮಾಡಲು ಏನೂ ಉಳಿದಿಲ್ಲ ಎಂದು ಹೇಳಿ ಮೇಕ್ ಸುಮ್ಮನಾಯಿತು.

ಭಾದ್ರಪದ ಬಂತು, ಪಕ್ಷ ಶುರುವಾಯಿತು. ನಾನು ಕಾಲೇಜಿಗೆ ರಜೆ ಹಾಕಿದೆ. ಅತಿಥಿಗೆ ರಜೆ ಎಂದರೆ ಆ ದಿನದ ಸಂಬಳವೂ ರಜೆ, ಹೋಗಲಿ ಎಂದುಕೊಂಡೆ. ಅಪ್ಪ ದಿನಾ ಬೆಳಿಗ್ಗೆ ಮೆಟ್ಟಿಲ ಮೇಲಿನ ತಮ್ಮ ಹಳೆಯ ಜಾಗದಲ್ಲಿ ಮಣೆ ಹಾಕಿ ಕೂತರು. ಹಾಳೆಯ ಮೇಲೆ ಪ್ಲಾಸ್ಟಿಕ್ಕು, ಪ್ಲಾಸ್ಟಿಕ್ಕಿನ ಮೇಲೆ ಹನಿ, ಹನಿಯ ಅಡಿಯಲ್ಲಿ ಅಕ್ಷರ ಒಂದಿಷ್ಟು ದೊಡ್ಡದಾಗಿ ಕಾಣುತ್ತಿತ್ತು. ಬಂದವರು ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಹೆಸರಿನ ಹತ್ತಿರ ಅಪ್ಪ ನಿಂತರೆ ಅವರೂ ಕಾದರು. ಒಬ್ಬ ಹೆಂಗಸು ತನ್ನ ಅತ್ತೆಯ ಹೆಸರು ಅಷ್ಟು ದೊಡ್ಡದಾಗಿ ಅಚ್ಚಾದದ್ದು ನೋಡಿ ಆ ಹಾಳೆಯನ್ನು ಕೇಳಿ ಇಸಿದುಕೊಂಡು ಹೋದಳು. ಮುರಳಿ ಮೊದಲು ಮೂಗು ಮುರಿದಿದ್ದವನು ನಾಲ್ಕನೆಯ ದಿನಕ್ಕೆ ನನ್ನ ಪಕ್ಕ ಬಂದು, ನನಗೂ ಹಾಗೇ ಮಾಡಿಕೊಡೇ ಎಂದ. ನೀನು ಮೊಬೈಲು ಬದಿಗಿಟ್ಟರೆ ಮಾಡಿಕೊಡ್ತೀನಿ ಎಂದೆ.

ನವಮಿಯ ಹಿಂದಿನ ಸಂಜೆ ‘ಅಮ್ಮ.ವಿವರ’ ಎಂಬ ಫೈಲು ತೆರೆದೆ. ಎಷ್ಟೋ ಮನೆಗಳ ಸತ್ತವರ ಹೆಸರನ್ನು ಚಕಚಕ ಟೈಪು ಮಾಡಿದ ಕೈ ಅಂದು ಓಡಲಿಲ್ಲ. ಅಮ್ಮ ಅಪ್ಪನಿಗೆ ಏನಾಗಬೇಕು ಎಂಬುದನ್ನು ಬರೆದೆ, ನದಿ ಕಾವೇರಿ ಎಂದು ಬರೆದೆ, ಹೆಸರಿನ ಮುಂದೆ ಸೀತಾಲಕ್ಷ್ಮಿ ಎಂದು ಬರೆದೆ. ನಿಯಮ ಯಾರಿಗೂ ವ್ಯತ್ಯಾಸ ಮಾಡುವುದಿಲ್ಲ. ಶೇಕಡಾ ಚಿಹ್ನೆಯ ಜಾಗದಲ್ಲಿ ನಂಜೇಗೌಡರ ತಂದೆ ಕೂತ ಹಾಗೆಯೇ ಅಮ್ಮನೂ ಬಂದು ಕೂತಳು. ಹಾಳೆ ಹೊರಗೆ ಬಂತು.

ಅಪ್ಪ ಅದನ್ನು ದೀಪದ ಹತ್ತಿರ ಹಿಡಿದು ಓದಿ ನೋಡಿದರು. ಎಲ್ಲ ಸಲೀಸು, ಹೆಸರಿನ ಹತ್ತಿರ ನಿಂತರು. ಇನ್ನೊಮ್ಮೆ ಮೊದಲಿನಿಂದ ಹಿಡಿದರು, ಅಲ್ಲೇ ನಿಂತರು. ಊರವರೆಲ್ಲರ ಅತ್ತೆ ಮಾವಂದಿರ ಹೆಸರನ್ನು ಎಂಟು ದಿನ ಓದಿದ ಬಾಯಿ ಅದು. ನಾನು ಆ ಒಂದು ಪದವನ್ನು ಇನ್ನೂ ದೊಡ್ಡದು ಮಾಡಿ, ಬಿಡಿಬಿಡಿಯಾಗಿ ಅಚ್ಚು ಹಾಕಿ ಕೊಟ್ಟೆ. ಅಪ್ಪ ಅದನ್ನು ನೋಡಿದರು, ನನ್ನನ್ನು ನೋಡಿದರು, ಹಾಳೆ ಮಡಚಿ ದೇವರಮನೆಯಲ್ಲಿಟ್ಟರು. ಎಲೆಯ ಮುಂದೆ ಕೂತರೂ ಎರಡು ತುತ್ತು ಉಂಡದ್ದೇ ಹೆಚ್ಚು. ನಾಳೆ ಆಗದಿದ್ದರೆ ಇವರು ಮತ್ತೆ ಹೊಳೆ ದಂಡೆಗೆ ಹೋಗುವುದಿಲ್ಲ ಎಂದು ನನಗೆ ಖಾತ್ರಿಯಾಗಿತ್ತು, ಭಯವಾಗಿತ್ತು.

ಬೆಳಿಗ್ಗೆ ಮಳೆ ಇರಲಿಲ್ಲ. ಹೊಳೆಯ ಮೇಲೆ ಹಬೆಯಂಥ ಮಂಜು ಎದ್ದಿತ್ತು. ಆಚೆ ದಡದ ಮರಗಳು ನೀರಿನಲ್ಲಿ ಬೇರೂರಿದ ಹಾಗೆ ಕಾಣುತ್ತಿದ್ದವು. ಅಪ್ಪ ಮುಳುಗೆದ್ದು ಬಂದು ಮಣೆಯ ಮೇಲೆ ಕೂತು ಬೆರಳಿಗೆ ದರ್ಭೆ ಹಾಕಿಕೊಂಡರು. ಮುರಳಿ ಎಡಕ್ಕೆ, ನಾನು ಎರಡು ಮೆಟ್ಟಿಲು ಮೇಲೆ. ಮಂತ್ರ ಎದ್ದಿತು. ನಾನು ಹುಟ್ಟಿದಾಗಿನಿಂದ ಕೇಳಿದ ಧ್ವನಿ, ನೀರಿನ ಮೇಲೆ ಹೋಗಿ ವಾಪಸು ಬರುವ ಧ್ವನಿ. ಸ್ಥಳ ಬಂತು, ಕಾವೇರಿ ಬಂದಳು, ತಿಥಿ ಬಂತು, ಗೋತ್ರ ಬಂತು. ಅಲ್ಲಿಗೆ ನಿಂತಿತು.

ಮುರಳಿ ಕಾದ. ಆಮೇಲೆ ಮೆಲ್ಲಗೆ, ಹೇಳಿಕೊಡುವ ರಾಗದಲ್ಲಿ, ಸೀತಾಲಕ್ಷ್ಮಿ ಎಂದ. ಅಪ್ಪನ ತುಟಿ ಅಲುಗಿತು, ಶಬ್ದ ಬರಲಿಲ್ಲ. ಮುರಳಿ ಮತ್ತೆ ಹೇಳಿದ. ನಾನೂ ಮನಸ್ಸಿನೊಳಗೇ ಹೇಳುತ್ತಿದ್ದೆ, ಹೇಳಿ ಅಪ್ಪ, ಒಂದು ಸಲ ಹೇಳಿ. ಪಕ್ಕದ ಮೆಟ್ಟಿಲಿನಲ್ಲಿ ಬೇರೆ ಯಾರದೋ ಕಾರ್ಯ ನಡೆದಿತ್ತು, ಅವರೂ ತಿರುಗಿ ನೋಡತೊಡಗಿದರು. ಅಪ್ಪ ಹಾಳೆಯನ್ನು ತೊಡೆಯ ಮೇಲಿನಿಂದ ತೆಗೆದು, ಮಡಚಿ, ಮಣೆಯ ಅಡಿಗೆ ಸೇರಿಸಿದರು. ಆಯಿತು, ಬಿಟ್ಟುಬಿಟ್ಟರು ಎಂದುಕೊಂಡೆ.

ಅವರು ಕತ್ತು ಕೊಂಚ ವಾರೆ ಮಾಡಿ ಹೊಳೆಯ ಕಡೆ ನೋಡಿದರು. ನಡುಮನೆಯಲ್ಲಿ ಕೂತು ಅಡುಗೆಮನೆಯ ಕಡೆ ನೋಡುತ್ತಿದ್ದ ಹಾಗೆಯೇ.

"ಇವಳೇ," ಎಂದರು.

ಜೋರಾಗಿಯೂ ಅಲ್ಲ, ಮೆಲ್ಲಗೂ ಅಲ್ಲ. ಕಾಫಿ ಕೇಳುವಾಗಿನ ಧ್ವನಿ, ಕನ್ನಡಕ ಎಲ್ಲಿಟ್ಟೆ ಎಂದು ಕೇಳುವಾಗಿನ ಧ್ವನಿ. ವರ್ಷಕ್ಕೂ ಮೇಲೆ ಆ ಮಾತು ನನ್ನ ಕಿವಿಗೆ ಬಿದ್ದಿರಲಿಲ್ಲ. ನಾನು ಯೋಚನೆಯೇ ಇಲ್ಲದೆ ಹಿಂದಕ್ಕೆ ತಿರುಗಿ, ಮೆಟ್ಟಿಲ ಮೇಲೆ, ನಮ್ಮ ಬೀದಿಯ ಕಡೆ ನೋಡಿದೆ. ಅಲ್ಲಿ ಯಾರೂ ಇರಲಿಲ್ಲ, ಇರುತ್ತಾರೆಂದೂ ಅಲ್ಲ. ತಕ್ಷಣ ಬರಬೇಕಾದ ಒಂದು ‘ಬಂದೆ’ ಬರಲಿಲ್ಲವಲ್ಲ ಎಂದು ತಿರುಗಿದ್ದು. ಅಲ್ಲಿಯವರೆಗೆ ಅಮ್ಮನಿಗಾಗಿ ನಾನು ಸರಿಯಾಗಿ ಅತ್ತಿರಲಿಲ್ಲ. ಆ ಮೆಟ್ಟಿಲ ಮೇಲೆ ಅತ್ತೆ.

"ದೊಡ್ಡಪ್ಪ, ಹೆಸರು ಹೇಳಬೇಕು," ಎಂದ ಮುರಳಿ.

ಅಪ್ಪ ಅವನ ಕಡೆ ತಿರುಗಿದರು. ಒಂದೊಂದೇ ಮಾತನ್ನು ಕೆಳಗಿನಿಂದ ಸೇದಿ ತರುವ ಹಾಗೆ ತಂದರು. "ಅದೇ... ಹೆಸರು. ಹಾಗೆ ಕರೆದರೆ... ಬರ್ತಾಳೆ."

ನನಗೆ ಹೇಮಗಿರಿಯ ನಂಜೇಗೌಡರು ನೆನಪಾದರು, ಬೇರೆ ಹೊಳೆಯ ಹೆಸರು ಹೇಳಿದರೆ ತಮ್ಮಪ್ಪ ಅತ್ತಲಾಗೆ ಹೋಗಿಬಿಡುತ್ತಾನೆ ಎಂದಿದ್ದರಲ್ಲ. ನಮ್ಮಪ್ಪ ಮತ್ತೆ ಹೊಳೆಯ ಕಡೆ ತಿರುಗಿ, ಹೆಸರಿನ ಮುಂದಿನ ಜಾಗದಿಂದ ಮಂತ್ರ ಹಿಡಿದು, ಕೊನೆಯವರೆಗೂ ಒಂದೇ ಉಸಿರಿನ ಹಾಗೆ ಹೇಳಿ ಮುಗಿಸಿದರು. ಎಳ್ಳುನೀರು ಬಿಟ್ಟರು. ಮಧ್ಯಾಹ್ನ ಎದುರುಮನೆಯ ಮುತ್ತೈದೆಯನ್ನು ಕರೆದು ಊಟ ಬಡಿಸಿ, ಸೀರೆ ಬಳೆ ಕೊಟ್ಟು ನಮಸ್ಕಾರ ಮಾಡಿದೆವು. ಅಪ್ಪ ಹೊಟ್ಟೆ ತುಂಬ ಉಂಡರು. ಪಕ್ಷ ಮುಗಿಯುವವರೆಗೂ ಒಂದು ದಿನ ಬಿಡದೆ ಹೊಳೆಗೆ ಹೋದರು.

ಆ ಸಂಜೆ ಮತ್ತೆ ಸೋನೆ ಹಿಡಿಯಿತು. ನಾನು ‘ಅಮ್ಮ.ವಿವರ’ ತೆರೆದು, ಹೆಸರಿನ ಮುಂದಿದ್ದುದನ್ನು ಅಳಿಸಿ, ‘ಇವಳೇ’ ಎಂದು ಬರೆದು ಕೀಲಿ ಒತ್ತಿದೆ. ಬೇರೆ ಯಾರದೂ ಬದಲಾಗಿರಲಿಲ್ಲ. ಆ ಒಂದು ಹಾಳೆ ಮಾತ್ರ ಹೊಸದಾಗಿ ಬಂತು, ಅಪ್ಪ ಅದನ್ನು ಬಿಸಿಯಿರುವಾಗಲೇ ಎತ್ತಿಕೊಂಡರು. ಮಾರನೆಯ ವರ್ಷ ನವಮಿಯಂದು ಅದರಲ್ಲಿ ತಿಥಿ ವಾರಗಳಷ್ಟೇ ಬೇರೆಯಾಗಿದ್ದವು. ಅಪ್ಪ ಅದನ್ನು ಎಲ್ಲಿಯೂ ನಿಲ್ಲದೆ ಓದಿದರು.